ಮುಕ್ಕಾಲು ಉರಿದ ಊದುಬತ್ತಿ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮ ಊದುಬತ್ತಿ ಕೊಳ್ಳುತ್ತಿದ್ದ ಸಾಹೇಬರು ಒಂದು ಹಳೆಯ ಬಿಸ್ಕತ್ತಿನ ಡಬ್ಬ ತೆಗೆದು ಕೌಂಟರಿನ ಮೇಲೆ ಬೋರಲು ಹಾಕಿದರು. ಒಳಗಿಂದ ಬಿದ್ದದ್ದೆಲ್ಲ ನಾವೇ ಮಾಡಿದ ಊದುಬತ್ತಿಯ ತುಂಡುಗಳು. ಒಂದೊಂದೂ ಮುಕ್ಕಾಲು ಭಾಗ ಉರಿದು, ಉಳಿದ ಕಾಲು ಭಾಗ ಕಪ್ಪಗೆ ಹಾಗೇ ನಿಂತಿತ್ತು.

“ಇವೆಲ್ಲ ಬಸ್ಸಿನಿಂದ ವಾಪಸ್ ಬಂದಿರೋದು ಅಕ್ಕಾ,” ಅಂದರು ಸಾಹೇಬರು. “ಡ್ರೈವರ್‌ಗಳು ತಂದು ಎಸೆದು ಹೋಗ್ತಾರೆ. ಬೆಳಗ್ಗೆ ದೇವರ ಫೋಟೋಗೆ ಹಚ್ಚಿ ಗಾಡಿ ತೆಗೀತಾರೆ, ದಾರೀಲಿ ಆರಿ ಹೋಗುತ್ತೆ. ಜನಾನ ಕೂರಿಸ್ಕೊಂಡು ಸ್ಟೇರಿಂಗ್ ಹಿಡಿದೋನಿಗೆ ಆ ಅಪಶಕುನ ನೋಡಿ ಹೇಗಾಗುತ್ತೆ ಹೇಳಿ.”

“ಗಾಳಿಗೆ ಆರಿರುತ್ತೆ ಭಾಯ್.”

“ಗಾಳಿ ಬಂದ್ರೆ ಊದುಬತ್ತಿ ಬೇಗ ಉರಿಯುತ್ತೆ, ಆರಲ್ಲ. ಮಾಡೋರು ನೀವು, ನಾನು ಹೇಳಿಕೊಡಬೇಕಾ?”

ನನ್ನ ಬಾಯಿ ಸಾಮಾನ್ಯವಾಗಿ ಯಾರಿಗೂ ಸೋಲುವುದಲ್ಲ. ಅವತ್ತು ತುಂಡೊಂದನ್ನು ಎತ್ತಿ ಮೂಸಿ ನೋಡಿದೆ ಅಷ್ಟೇ. ಸಾಹೇಬರು ತುಂಡುಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬಿ ನನ್ನ ಕಡೆಗೆ ಸರಿಸಿದರು. “ಶ್ರಾವಣದ ಮಾಲು ಸರಿಯಾಗಿ ಕೊಡಿ. ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಬೆಂಗಳೂರಿನ ಪಾರ್ಟಿ ಒಂದು ವರ್ಷದಿಂದ ಕೇಳ್ತಾ ಇದ್ದಾರೆ,” ಅಂದರು.

ನಮಗೆ ಇದ್ದದ್ದು ಅವರೊಬ್ಬರೇ ಗಿರಾಕಿ. ಅವರ ಹೆಸರಿನ ಪ್ಯಾಕೆಟ್ಟಿಗೆ ನಾವು ಮಾಲು ಮಾಡಿಕೊಡುತ್ತಿದ್ದೆವು. ಅವರು ಕೈಬಿಟ್ಟರೆ ಭದ್ರಾವತಿಯ ನಮ್ಮ ಶೆಡ್ಡಿಗೆ ಬೀಗ. ನಮ್ಮ ಯಜಮಾನರು ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದು ಈ ಶೆಡ್ಡು ಹಾಕಿದ್ದರು. ತೊಂಬತ್ತರ ದಶಕದ ಕೊನೆ ಅದು. ಆಗ ಭದ್ರಾವತಿಯಲ್ಲಿ ಹಾಗೆ ಹೊರಗೆ ಬಂದವರು ಬೀದಿಗೊಬ್ಬರಿದ್ದರು. ಅವರಲ್ಲಿ ಕೆಲವರ ಹೆಂಡಂದಿರೇ ನಮ್ಮಲ್ಲಿ ಕಡ್ಡಿ ಹೊಸೆಯುತ್ತಿದ್ದರು. ಶೆಡ್ಡು ಮುಚ್ಚಿದರೆ ಎಷ್ಟು ಮನೆಯ ಒಲೆ ಮಂಕಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬಿಸ್ಕತ್ತಿನ ಡಬ್ಬ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ.

ನಮ್ಮ ಕೆಲಸ ಹೇಗೆಂದು ಸ್ವಲ್ಪ ಹೇಳಬೇಕು. ಇದ್ದಿಲು ಪುಡಿ, ಮರದ ಪುಡಿ, ಜಿಗಟು, ಈ ಮೂರನ್ನು ನೀರು ಹಾಕಿ ಕಣಕದ ಹಾಗೆ ನಾದುತ್ತೇವೆ. ಜಿಗಟೆಂದರೆ ಗುಲ್ಮಾವಿನ ತೊಗಟೆಯ ಪುಡಿ, ನೀರು ಸೋಕಿದರೆ ಅಂಟಾಗುತ್ತದೆ. ಹೆಂಗಸರು ಮಣೆಯ ಮೇಲೆ ಬಿದಿರುಕಡ್ಡಿಗೆ ಅದನ್ನು ಹೊಸೆಯುತ್ತಾರೆ. ಒಣಗಿದ ಮೇಲೆ ಕಟ್ಟು ಕಟ್ಟಿ, ಸೆಂಟಿನಲ್ಲಿ ಅದ್ದಿ, ಬಿದಿರಿನ ತುದಿ ಕೆಳಗಾಗಿ ತಟ್ಟೆಯಲ್ಲಿ ನಿಲ್ಲಿಸುತ್ತೇವೆ. ಇದರಲ್ಲಿ ಮಣ್ಣಿನಲ್ಲಿ ಬೆಳೆದದ್ದು ಬಿದಿರು, ಮರ, ತೊಗಟೆ ಅಷ್ಟೇ. ಮಲ್ಲಿಗೆ, ಕೇದಗೆ, ಶ್ರೀಗಂಧ ಎಲ್ಲವೂ ಡಬ್ಬದಲ್ಲಿ ಬರುತ್ತಿದ್ದ ಸೆಂಟು, ಹೂವಿನ ಮುಖ ನೋಡದ ಮಲ್ಲಿಗೆ. ಆ ಸೆಂಟು ಬಲು ಗಡಸು. ಅದಕ್ಕೆ ಡಿ.ಇ.ಪಿ. ಎಂಬ ಇನ್ನೊಂದು ಎಣ್ಣೆ ಬೆರೆಸಿ ಹದ ಮಾಡಬೇಕು. ನಾವು ಅದನ್ನು ತೆಳು ಎಣ್ಣೆ ಅನ್ನುತ್ತಿದ್ದೆವು.

ಇನ್ನು ಮಾಲು ಪರೀಕ್ಷೆ. ಅದು ನಮ್ಮ ಅತ್ತೆಯವರ ಕೆಲಸ. ಊದುಬತ್ತಿ ಹಚ್ಚಿದ ಮೇಲೆ ಅದು ದೇವರದ್ದು ಎಂಬುದು ನಮ್ಮ ಮನೆಯ ಲೆಕ್ಕ. ಬರೀ ಪರೀಕ್ಷೆಗೆಂದು ಹಚ್ಚಿ ಮೂಲೆಯಲ್ಲಿಡುವುದು ನಮಗೆ ಹೊಳೆಯುವ ವಿಷಯವೇ ಅಲ್ಲ. ಹಾಗಾಗಿ ಹಿಂದಿನ ದಿನದ ಮಾಲಿನಿಂದ ಒಂದೊಂದು ಕಡ್ಡಿ ತೆಗೆದು ಅತ್ತೆ ಬೆಳಗ್ಗೆ ಶೆಡ್ಡಿನ ಶಿವನ ಪಟದ ಮುಂದೆ ಹಚ್ಚುತ್ತಿದ್ದರು. ವಿಭೂತಿ ಹಚ್ಚಿಕೊಂಡು, ಕಾಲು ಮಡಿಚಿ, ಅಲ್ಲೇ ಕೂರುವರು. ಅದೇ ಹೊತ್ತಿಗೆ ಹೆಂಗಸರು ಹೊಸೆಯುವ ಸಾಮಾನು ತೂಗಿಸಿಕೊಳ್ಳಲು ಬರುತ್ತಿದ್ದುದರಿಂದ ನಾನು ತಕ್ಕಡಿ ಬಿಟ್ಟು ಏಳುವಂತಿರಲಿಲ್ಲ. ಕಡ್ಡಿ ಮುಗಿದ ಮೇಲೆ ಅತ್ತೆ ಬಂದು, “ಕೊನೇತನಕ ಉರೀತು ಕಣೆ,” ಅನ್ನುವರು. ಅಷ್ಟಾದರೆ ಮಾಲು ಪ್ಯಾಕಿಂಗಿಗೆ.

ಬಿಸ್ಕತ್ತಿನ ಡಬ್ಬ ತಂದ ಮರುದಿನವೂ ಅತ್ತೆ ಹಾಗೇ ಅಂದರು. ಇಲ್ಲಿ ಉರಿಯುವುದು ಅಲ್ಲಿ ಹೋಗಿ ಆರುವುದೆಂದರೆ ದಾರಿಯಲ್ಲಿ ಏನೋ ಆಗುತ್ತಿದೆ ಎಂದು ಯಜಮಾನರೂ ನಾನೂ ತೀರ್ಮಾನಿಸಿದೆವು. ಮಾಲು ಹೋಗುತ್ತಿದ್ದುದು ಅವರ ಮೊಪೆಡ್ಡಿನ ಹಿಂದೆ ಕಟ್ಟಿ, ಲಾರಿಗಳ ಹೆದ್ದಾರಿಯಲ್ಲಿ. ಆಷಾಢದ ಜಡಿಗಾಳಿ ಬೇರೆ. ಥಂಡಿ ಹಿಡಿದಿರಬೇಕು ಎಂದುಕೊಂಡು ಕಟ್ಟಿಗೆ ಎರಡು ಪದರ ಪ್ಲಾಸ್ಟಿಕ್ ಸುತ್ತಿದೆವು. ತುಂಡುಗಳು ಮತ್ತೆ ಬಂದವು. ಒಣಗಿದ್ದು ಸಾಲದೇನೋ ಎಂದು ಜಾಲರಿಯ ಕೆಳಗೆ ಕೆಂಡದ ಬಾಣಲೆ ಇಟ್ಟು ಒಣಗಿಸಿದೆವು. ಹಲವು ಕಡ್ಡಿ ಸೀಳಿ ಹಾಳಾದವು, ಉಳಿದವನ್ನು ಕಳಿಸಿದೆವು. ಅತ್ತೆ “ಕೊನೇತನಕ ಉರೀತು” ಅಂದರು. ಬಸ್ಸಿನಲ್ಲಿ ಆರಿತು.

ಆಮೇಲೆ ಜಿಗಟಿನ ಮೇಲೆ ಅನುಮಾನ ಹೋಯಿತು. ಅಂಗಡಿಯವನು ಬೇರೆ ಯಾವುದೋ ತೊಗಟೆ ಬೆರೆಸಿದ್ದಾನೆ ಎಂದು ಅವನ ಜೊತೆ ಜಗಳ ಆಡಿ ಬೇರೆ ಕಡೆಯಿಂದ ತಂದೆ. ಇದ್ದಿಲು ಬದಲಾಯಿಸಿದೆ. ಜರಡಿ ಬದಲಾಯಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ನಾನು ಕೊಟ್ಟಿಗೆಯಲ್ಲಿದ್ದ ಎಲ್ಲದಕ್ಕೂ ಬರೆ ಹಾಕಿದೆ. ಪ್ರತಿಸಲವೂ ಶಿವನ ಪಟದ ಮುಂದೆ ಪಾಸು, ಶಿವಮೊಗ್ಗ ಬಸ್ಸಿನಲ್ಲಿ ಫೇಲು.

ತಲೆ ಕೆಟ್ಟು ಕೆರ ಹಿಡಿಯಿತು. ಒಂದು ದಿನ ಹೊಸೆಯುವವರ ಮೇಲೆ ಎಗರಿಬಿದ್ದೆ. ಅವರಲ್ಲಿ ಒಬ್ಬಳು ಕಾರ್ಖಾನೆ ಲೈನಿನ ತಮಿಳು ಹೆಂಗಸು, ಎಲ್ಲರಿಗಿಂತ ಕೈ ಚುರುಕು. “ಬೇಗ ಮುಗಿಸೋ ಆಸೆಗೆ ಬಿಗಿಯಾಗಿ ಒತ್ತಿ ಹೊಸೀತೀಯ, ಅದಕ್ಕೇ ಉಸಿರಾಡಕ್ಕಾಗದೆ ಆರುತ್ತೆ,” ಎಂದು ಎಲ್ಲರೆದುರು ಅಂದೆ.

ಅವಳು ಮಣೆ ಪಕ್ಕಕ್ಕಿಟ್ಟಳು. “ಕುಣಿಯೋಕ್ ಬರ್ದೇ ಇರೋಳು ನೆಲ ಡೊಂಕು ಅಂದ್ಳಂತೆ ಅಕ್ಕಾ. ನನ್ ಕೈ ಇವತ್ತಿಂದಲ್ಲ. ಹೋದ ವರ್ಷ ಇದೇ ಕೈ, ಆಗ ಯಾಕೆ ಉರೀತು?” ಎಂದು ಎದ್ದು ಹೋದಳು. ಮರುದಿನ ಬರಲಿಲ್ಲ. ಅವಳ ಹಿಂದೆ ಇನ್ನಿಬ್ಬರೂ ಬರುವುದು ನಿಲ್ಲಿಸಿದರು.

ಮನೆಯಲ್ಲಿ ಮಾತೇ ಕಮ್ಮಿಯಾಯಿತು. ಯಜಮಾನರು ಬೆಳಗ್ಗೆ ಮೊಪೆಡ್ ತೆಗೆದರೆ ನನ್ನ ಮುಖ ನೋಡದೆ ಹೋಗುವರು. ಮೊಪೆಡ್ ಸ್ಟಾರ್ಟಾದ ಸದ್ದು ಕೇಳಿದರೆ ಅತ್ತೆ ಎಲ್ಲಿದ್ದರೂ ಎದ್ದು ಬಾಗಿಲಿಗೆ ಓಡಿಬಂದು, ಮಗ ತಿರುವು ದಾಟುವವರೆಗೂ ನಿಂತಿರುವರು. ಅವರು ಬೆಳಗಿನ ತಿಂಡಿ ಬಿಟ್ಟಿದ್ದರು. ಕೇಳಿದರೆ, “ಹಲ್ಲು ನೋವು ಕಣೆ, ರೊಟ್ಟಿ ಅಗಿಯಕ್ಕಾಗಲ್ಲ,” ಅನ್ನುವರು. ಕುಪ್ಪಸ ತೋಳಿನಲ್ಲಿ ಸಡಿಲವಾಗಿತ್ತು. ನೋಡಿದ್ದೆ, ಆದರೆ ನಿಂತು ಯೋಚಿಸುವ ಸ್ಥಿತಿ ನನ್ನದಾಗಿರಲಿಲ್ಲ. ಶ್ರಾವಣ ಬಾಗಿಲಿಗೆ ಬಂದಿತ್ತು.

ಅತ್ತೆಯವರ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗಬೇಕಿತ್ತು. ಹೇಗೂ ಹೋಗುತ್ತೇನಲ್ಲ, ಬಸ್ಸಿನಲ್ಲಿ ನಮ್ಮ ಕಡ್ಡಿಗೆ ಏನಾಗುತ್ತದೆಂದು ಕಣ್ಣಾರೆ ನೋಡಿಯೇ ಬಿಡೋಣ ಎಂದು ಒಂದು ಕಟ್ಟು ಜೊತೆಗಿಟ್ಟುಕೊಂಡೆ. ಭದ್ರಾವತಿ ಸ್ಟ್ಯಾಂಡಿನಲ್ಲಿ ಡ್ರೈವರ್ ಹಿಂದಿನ ಸೀಟು ಹಿಡಿದು ಕೂತೆವು. ಡ್ರೈವರಿಗೆ ಒಂದು ಕಡ್ಡಿ ಕೊಟ್ಟು, “ದೇವರಿಗೆ ಹಚ್ಚಿ ಅಣ್ಣಾ,” ಅಂದೆ. ಅವರು ಹಚ್ಚಿ, ಗಾಜಿನ ಮುಂದಿನ ಪಟಕ್ಕೆ ಬೆಳಗಿ, ಸಿಕ್ಕಿಸಿ ಗಾಡಿ ತೆಗೆದರು.

ನಾನು ಕಣ್ಣು ಮಿಟುಕಿಸದೆ ಕೂತಿದ್ದೆ. ಚೆನ್ನಾಗಿಯೇ ಉರಿಯುತ್ತಿತ್ತು. ಮಾಚೇನಹಳ್ಳಿ ಬರುವ ಹೊತ್ತಿಗೆ ಹೊಗೆ ಸಣ್ಣಗಾಯಿತು, ಆಮೇಲೆ ನಿಂತಿತು. ಕಾಲು ಭಾಗ ಉಳಿದಿತ್ತು. ಡ್ರೈವರ್ ಓರೆಗಣ್ಣಲ್ಲಿ ನೋಡಿ ತುಟಿ ಕಚ್ಚಿಕೊಂಡು ಗೇರು ಬದಲಿಸಿದರು.

ಪಕ್ಕದಲ್ಲಿ ಅತ್ತೆ ಎದ್ದರು. ಓಡುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಸೊಂಟದ ಎಲೆಅಡಿಕೆ ಚೀಲದಿಂದ ಬೆಂಕಿಪೊಟ್ಟಣ ತೆಗೆದರು. ಇಂಜಿನ್ ಬಾನೆಟ್ಟಿಗೆ ಮೊಣಕಾಲು ಕೊಟ್ಟು, ಬೆಂಕಿಕಡ್ಡಿ ಗೀರಿ, ಆರಿದ ಊದುಬತ್ತಿಗೆ ಹಿಡಿದರು. ಅದು ಹೊತ್ತಿಕೊಂಡ ಮೇಲೆ ಕೈಬೀಸಿ ಜ್ವಾಲೆ ಆರಿಸಿ, ಕಣ್ಣಿಗೊತ್ತಿಕೊಂಡು ಬಂದು ಕೂತರು. ತಡವರಿಸಲಿಲ್ಲ. ತುಂಬಾ ಅಭ್ಯಾಸವಾದ ಕೈ.

ನಾನು ಅವರ ಕೈಯಲ್ಲಿದ್ದ ಬೆಂಕಿಪೊಟ್ಟಣ ನೋಡಿದೆ.

“ಅತ್ತೆ, ಶೆಡ್ಡಲ್ಲೂ ಹೀಗೇ ಮಾಡ್ತೀರಾ?”

“ಏನು?”

“ಆರಿದ್ರೆ ಮತ್ತೆ ಹಚ್ತೀರಾ?”

“ಮತ್ತಿನ್ನೇನು ಮಾಡ್ಲೇ? ದೇವರ ಮುಂದೆ ಆರಿದ್ದನ್ನ ಹಾಗೇ ಬಿಡಕ್ಕಾಗುತ್ತಾ?”

“ದಿನಾ ಆರ್ತಿತ್ತಾ?”

ಅತ್ತೆ ಕಿಟಕಿಯ ಕಡೆ ತಿರುಗಿದರು. ಕಣ್ಣಿನ ಡಾಕ್ಟರ ಹತ್ತಿರ ಹೋಗಲೇ ಇಲ್ಲ ನಾವು. ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಇಳಿದು ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅವರೇ ಬಾಯಿಬಿಟ್ಟರು.

“ದಿನಾ ಆರ್ತಿತ್ತು. ಎರಡು ಸಲ, ಮೂರು ಸಲ. ಮೊದಲ್ನೇ ದಿನ ಆರಿದಾಗ ಎದೆ ಧಸಕ್ ಅಂತು. ಹೊರಗೆ ನನ್ನ ಮಗ ಗಾಡಿ ಸ್ಟಾರ್ಟ್ ಮಾಡ್ತಿದ್ದ. ಅವನ ತಲೆ ಮೇಲೆ ಏನೋ ಬರ್ತಿದೆ ಅಂತ ನಂಗೆ ಗೊತ್ತಾಯ್ತು. ಹೇಳಿದ್ರೆ ಬಾಯಿಂದ ಬಂದ ಹಾಗೇ ಆಗುತ್ತೆ ಅಂತ ಹೇಳ್ಲಿಲ್ಲ. ಬೆಳಗಿನ ಊಟ ಬಿಡ್ತೀನಿ, ಅವನ್ನ ಕಾಪಾಡು ಅಂತ ಹರಕೆ ಹೊತ್ತೆ.”

ಇವರ ಮೇಲೆ ಕೂಗಾಡಬೇಕೋ, ತಬ್ಬಿಕೊಂಡು ಅಳಬೇಕೋ ನನಗೆ ತಿಳಿಯಲಿಲ್ಲ. ಅಷ್ಟು ದಿನ ಎಲ್ಲರ ಜೊತೆ ಜಗಳ ಕಾದು, ಕೆಲಸದವರನ್ನು ಓಡಿಸಿ, ಇದ್ದಿಲಿಂದ ಜರಡಿಯವರೆಗೆ ಬದಲಾಯಿಸಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮವಾಗಿತ್ತು. ಅದೇ ಹೊತ್ತಿಗೆ, ಈ ಮುದುಕಿ ದಿನಾ ಬೆಳಗ್ಗೆ ಮಗನ ಸಾವನ್ನು ಒಬ್ಬರೇ ಎದುರಿಟ್ಟುಕೊಂಡು ಕೂತಿದ್ದರು. ಕೊನೆಗೆ ಅತ್ತದ್ದು ನಾನೇ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, “ಸಾಕು ಮಾರಾಯ್ತಿ, ಬಸ್‌ಸ್ಟ್ಯಾಂಡು ಇದು,” ಅಂದರು.

ಮರುದಿನ ಬೆಳಗ್ಗೆ ನಾನು ಒಂದು ನಿರ್ಧಾರ ಮಾಡಿದ್ದೆ. ಇನ್ನು ಮೇಲೆ ದೇವರ ಮುಂದೆ ಪರೀಕ್ಷೆ ಇಲ್ಲ. ಪರೀಕ್ಷೆಯ ಕಡ್ಡಿಯನ್ನು ಬಚ್ಚಲ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಮರಳು ತುಂಬಿದ ಡಬ್ಬಕ್ಕೆ ಸಿಕ್ಕಿಸಿ ಹಚ್ಚುವುದು. ಕೈ ಮುಗಿಯುವಂತಿಲ್ಲ, ಬೆಳಗುವಂತಿಲ್ಲ, ಆರಿದರೆ ಆರಿದ ಹಾಗೇ ಬಿಡುವುದು. ಹೊಸೆಯುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಬಚ್ಚಲ ಹತ್ರ ಊದುಬತ್ತಿ ಹಚ್ತಾರೇನಕ್ಕ?” ಎಂದು ಒಬ್ಬಳು ಕೇಳಿದಳು. “ಇದು ಊದುಬತ್ತಿ ಅಲ್ಲ, ಇನ್ನೂ ಬರೀ ಮಾಲು. ಪಾಸಾದ ಮೇಲೆ ಊದುಬತ್ತಿ,” ಅಂದೆ. ಹಚ್ಚಿದ ಮೇಲೆ ಮುಗಿಯಲು ಎದ್ದ ಕೈಗಳನ್ನು ನಾನೂ ಸೆರಗಿಗೆ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಮೂರು ಕಡ್ಡಿ ನೆಟ್ಟಿದ್ದೆ. ಒಂದು ಸೆಂಟಿಗೇ ಅದ್ದದ ಕಚ್ಚಾ ಕಡ್ಡಿ. ಒಂದು ಈಗಿನ ಸೆಂಟಿನದು. ಮೂರನೆಯದಕ್ಕೆ, ಹಳೆಯ ಕ್ಯಾನಿನ ತಳದಲ್ಲಿ ಉಳಿದಿದ್ದ ಹೋದ ವರ್ಷದ ತೆಳು ಎಣ್ಣೆ ಬೆರೆಸಿ ಅದ್ದಿ ಒಣಗಿಸಿದ್ದೆ. ಕಚ್ಚಾ ಕಡ್ಡಿ ಬಿದಿರಿನವರೆಗೂ ಉರಿಯಿತು. ಹಳೆಯ ಎಣ್ಣೆಯದೂ ಉರಿಯಿತು. ಈಗಿನದು ಕಾಲು ಭಾಗ ಉಳಿಸಿ ನಿಂತಿತು. ಹೊಸೆದವಳ ಕೈಯಲ್ಲಿ ದೋಷವಿರಲಿಲ್ಲ, ಜಿಗಟಿನಲ್ಲಿರಲಿಲ್ಲ, ಇದ್ದಿಲಿನಲ್ಲಿರಲಿಲ್ಲ.

ಎಣ್ಣೆ ಕೊಡುವವನನ್ನು ಹೋಗಿ ಹಿಡಿದುಕೊಂಡೆ. ಮೊದಲು ಅದೇ ಮಾಲು ಅಂದ. ಆರಿದ ತುಂಡುಗಳನ್ನು ಎದುರಿಗಿಟ್ಟ ಮೇಲೆ, “ಡಿ.ಇ.ಪಿ. ರೇಟು ಏರಿದೆಯಲ್ಲ ಅಕ್ಕಾ, ಸ್ವಲ್ಪ ವೈಟ್ ಆಯಿಲ್ ಬೆರೆಸಿ ಕೊಡ್ತಿದ್ದೀವಿ, ವಾಸನೆಗೇನೂ ತೊಂದರೆ ಇಲ್ವಲ್ಲ,” ಅಂದ. ವಾಸನೆಗೆ ತೊಂದರೆ ಇಲ್ಲದ್ದೇ ನಮ್ಮ ಗ್ರಹಚಾರ. ಆ ಜಿಡ್ಡಿನ ಎಣ್ಣೆ ಕಡ್ಡಿಯೊಳಗೆ ಸಮನಾಗಿ ಹೀರದೆ, ಕಟ್ಟು ನಿಲ್ಲಿಸಿದಾಗ ಕೆಳಕ್ಕಿಳಿದು ಕೊನೆಯ ಕಾಲು ಭಾಗದಲ್ಲಿ ತುಂಬಿಕೊಳ್ಳುತ್ತಿತ್ತು. ಕೆಂಡ ಅಲ್ಲಿಗೆ ಬಂದು ಉಸಿರು ಕಟ್ಟುತ್ತಿತ್ತು. “ಒಂದು ಚಿಟಿಕೆ ಪೆಟ್ಲುಪ್ಪು ಕಲಸಿಬಿಡಿ, ಏನಿದ್ರೂ ಉರಿಯುತ್ತೆ,” ಎಂದು ಉಪದೇಶ ಬೇರೆ ಮಾಡಿದ. ಪೆಟ್ಲುಪ್ಪೆಂದರೆ ಪಟಾಕಿ ಮದ್ದಿಗೆ ಹಾಕುವುದು, ಅದು ಬೆರೆತ ಕಡ್ಡಿ ಚಟಚಟ ಕಿಡಿ ಹಾರಿಸುತ್ತದೆ. ದೇವರ ಪಟದ ಹೂವಿಗೆ ಬೆಂಕಿ ಬೀಳಲಿ ಎಂದು ಹೇಳಿದಂತೆ ಅದು. ಇನ್ನೊಬ್ಬರ ಹತ್ತಿರ ಸರಿಯಾದ ಎಣ್ಣೆ ಹುಡುಕಿಕೊಂಡು ಬಂದೆ.

ಕಾರಣ ಸಿಕ್ಕಿತು, ಆದರೆ ಶ್ರಾವಣಕ್ಕೆಂದು ಅದ್ದಿಟ್ಟ ಮಾಲು ಗೋಡೆಯೆತ್ತರ ನಿಂತಿತ್ತು. ಅದ್ದಿದ ಎಣ್ಣೆಯನ್ನು ವಾಪಸ್ ಹಿಂಡುವ ಉಪಾಯ ಇಲ್ಲ. ಯಜಮಾನರು ಅದರ ಮುಂದೆ ಕೂತು ಕಟ್ಟುಗಳನ್ನು ಎಣಿಸಿದರು.

“ಇದನ್ನ ಬಸ್ಸಿನೋರಿಗೆ ಕೊಡೋದು ಬೇಡ,” ಅಂದರು ಕೊನೆಗೆ. “ಹಳ್ಳಿ ಅಂಗಡಿಗಳಿಗೆ ಹಾಕೋಣ. ಮನೆಗಳಿಂದ ಇಲ್ಲೀತನಕ ಒಂದು ಕಂಪ್ಲೇಂಟ್ ಬಂದಿದೆಯಾ? ಬಂದಿಲ್ಲ. ಯಾಕೆ? ಆರಿದ್ರೆ ಹೆಂಗಸರು ಅಮ್ಮನ ಹಾಗೇ ಮತ್ತೆ ಹಚ್ಕೋತಾರೆ. ಯಾರೂ ಅಂಗಡಿಗೆ ವಾಪಸ್ ತರಲ್ಲ.”

ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಹೂಂ ಅನ್ನಲು ಬಾಯಿ ತೆರೆದೂ ಆಗಿತ್ತು. ಆ ಮಾಲು ಹೋದರೆ ಶೆಡ್ಡು ಉಸಿರಾಡುತ್ತಿತ್ತು.

ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. “ಹಚ್ಕೋತಾರೆ ಕಣೋ,” ಅಂದರು ಮಗನಿಗೆ. “ಹಚ್ಕೊಂಡು ಏನ್ ಮಾಡ್ತಾರೆ ಅಂತ ನಿಂಗೊತ್ತಾ? ಯಾರಿಗೂ ಹೇಳದೆ ಒಬ್ಬೊಬ್ಬಳೇ ಹೆದರ್ಕೊಂಡು ಕೂರ್ತಾಳೆ. ಗಂಡ ಗದ್ದೆಗೆ ಹೋಗಿರ್ತಾನೆ, ಮಗ ಸ್ಕೂಲಿಗೆ ಹೋಗಿರ್ತಾನೆ, ಅವರು ವಾಪಸ್ ಬರೋ ತನಕ ಅವಳ ಜೀವ ಕೈಯಲ್ಲಿರುತ್ತೆ. ನಾನು ಪಟ್ಟ ಪಾಡನ್ನ ಪ್ಯಾಕೆಟ್ ಮಾಡಿ ಮನೆಮನೆಗೆ ಮಾರ್ತೀಯಾ?”

ಯಜಮಾನರಿಗೆ ಹರಕೆಯ ವಿಷಯ ಆವರೆಗೆ ಗೊತ್ತಿರಲಿಲ್ಲ. “ಏನಮ್ಮಾ ಅದು ಪಾಡು?” ಅಂದರು. ಅತ್ತೆ ಹೇಳಲಿಲ್ಲ, ನಾನು ಹೇಳಿದೆ. ಅವರು ತಾಯಿಯ ಸಡಿಲಾದ ಕುಪ್ಪಸದ ತೋಳನ್ನೇ ನೋಡುತ್ತಾ ನಿಂತರು. ಆಮೇಲೆ ಮೊದಲನೆಯ ಕಟ್ಟನ್ನು ಅವರೇ ಎತ್ತಿ ಹಿತ್ತಲಿಗೆ ಒಯ್ದರು. ಆ ಮಾಲೆಲ್ಲ ಹಂಡೆ ಒಲೆಗೆ ಹೋಯಿತು. ದೇವರ ಮುಂದೆ ಕೊನೆಯ ಕಾಲು ಭಾಗ ಉರಿಯಲಾರದೆ ಸತ್ತವು, ನೀರು ಕಾಯಿಸಲು ಹಾಕಿದರೆ ಧಗಧಗ ಉರಿದವು, ಹಾಳಾದವು. ಎಷ್ಟೋ ದಿನ ನಮ್ಮ ಸ್ನಾನದ ನೀರು ಮಲ್ಲಿಗೆ ನಾರುತ್ತಿತ್ತು.

ಹೊಸ ಮಾಲಿಗೆ ಕೈ ಸಾಲದಾಯಿತು. ತಮಿಳು ಹೆಂಗಸಿನ ಮನೆಗೆ ನಾನೇ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು. “ಸರಿ ಅಕ್ಕಾ, ನನ್ನ ಬೈದಿದ್ದು ಯಾರ ಲೆಕ್ಕಕ್ಕೆ ಹಾಕ್ಕೊಳ್ಲಿ?” ಅಂದಳು. “ನನ್ನ ಲೆಕ್ಕಕ್ಕೇ ಹಾಕ್ಕೊ, ಮೊದಲು ಬಾ,” ಅಂದೆ. ಬಂದಳು. ಬಂದ ಮೇಲೂ ನನ್ನ ಜೊತೆ ನೆಟ್ಟಗೆ ಮಾತಾಡಲು ದೀಪಾವಳಿ ಬರಬೇಕಾಯಿತು.

ಶ್ರಾವಣದ ಹಿಂದಿನ ದಿನ, ಆದಷ್ಟು ಮಾಲು ತೆಗೆದುಕೊಂಡು ಸಾಹೇಬರ ಅಂಗಡಿಗೆ ಹೋದೆವು. ಒಂದು ಕಪಾಟಿನ ತುಂಬ ಬೆಂಗಳೂರಿನ ಮಾಲು ಆಗಲೇ ಕೂತಿತ್ತು. ನಾನು ಎಣ್ಣೆಯ ವಿಷಯ, ಪರೀಕ್ಷೆಯ ವಿಷಯ, ಸುಟ್ಟ ಮಾಲಿನ ವಿಷಯ ಒಂದೂ ಬಿಡದೆ ಹೇಳಿದೆ. ಸಾಹೇಬರು ನಮ್ಮ ಒಂದು ಕಡ್ಡಿ ಹಚ್ಚಿ ಕೌಂಟರಿನ ಅಂಚಿಗೆ ಸಿಕ್ಕಿಸಿದರು. ಗಿರಾಕಿಗಳು ಬಂದರು, ಹೋದರು. ಅದು ಬಿದಿರಿಗೆ ಮುಟ್ಟಿ ತಾನಾಗಿ ನಿಂತಾಗ ಅವರು ಬೂದಿಯನ್ನು ಕೈಯಿಂದ ಒರೆಸಿದರು.

“ಮಾತು ಕೊಟ್ಟುಬಿಟ್ಟಿದ್ದೀನಿ ಅಕ್ಕಾ, ಆ ಕಪಾಟು ಅವರದ್ದು,” ಅಂದರು. “ಈ ಕಡೆಯದು ನಿಮ್ಮದು. ಅಮ್ಮನಿಗೆ ನನ್ನ ಸಲಾಂ ಹೇಳಿ.”

ಅರ್ಧ ಹೋಯಿತು, ಅರ್ಧ ಉಳಿಯಿತು. ಉಳಿದದ್ದರಲ್ಲಿ ಶೆಡ್ಡು ಕುಂಟುತ್ತಾ ನಡೆಯಿತು.

ಶ್ರಾವಣದ ಮೊದಲ ಬೆಳಗ್ಗೆ ಅತ್ತೆ ಬಚ್ಚಲ ಡಬ್ಬದಲ್ಲಿ ಪಾಸಾದ ಮಾಲಿನಿಂದ ಒಂದು ಕಡ್ಡಿ ತೆಗೆದು ಶಿವನ ಪಟದ ಮುಂದೆ ಹಚ್ಚಿದರು. ಹಚ್ಚಿ, ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. “ನಿನ್ನ ಹತ್ರ ಇರ್ಲಿ,” ಎಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು. ಅವತ್ತು ತಕ್ಕಡಿ ಬಿಟ್ಟು ನಾನೂ ಪಕ್ಕದಲ್ಲಿ ಕೂತೆ. ಕಡ್ಡಿ ಅರ್ಧ ದಾಟಿತು, ಮುಕ್ಕಾಲಿಗೆ ಬಂತು. ಬೂದಿ ಉದ್ದವಾಗಿ ಬಾಗಿ ಕೆಂಡ ಮುಚ್ಚಿಕೊಂಡಿತು. ಹೊಗೆ ಕಾಣಲಿಲ್ಲ. ಕಾರಣ ಗೊತ್ತಿದ್ದವಳು, ಎಣ್ಣೆ ಬೆರೆಸಿದವಳು ನಾನೇ. ಆದರೂ ಎದೆ ಧಸಕ್ ಅಂದು, ನನ್ನ ಹೆಬ್ಬೆರಳು ಪೊಟ್ಟಣವನ್ನು ತೆರೆದಿತ್ತು.

“ಇಡೇ ಅದನ್ನ,” ಅಂದರು ಅತ್ತೆ. “ಬೂದಿ ಬೀಳ್ಲಿ.”

ಬೂದಿ ಬಿತ್ತು. ಒಳಗೆ ಕೆಂಪಗಿತ್ತು.

ಹೊರಗೆ ಮೊಪೆಡ್ ಸ್ಟಾರ್ಟಾದ ಸದ್ದು ಕೇಳಿತು. ಅತ್ತೆ ಏಳಲಿಲ್ಲ, ಬಾಗಿಲಿಗೆ ಓಡಲಿಲ್ಲ. ಸದ್ದು ತಿರುವು ದಾಟುವವರೆಗೂ ಕೂತಲ್ಲೇ ಕೂತಿದ್ದು, ತೊಡೆಯ ಕೆಳಗಿನ ಕೈ ತೆಗೆದು, “ಎದ್ದು ನಂಗೆರಡು ರೊಟ್ಟಿ ತಟ್ಟೇ, ಹಸಿವಾಗ್ತಿದೆ,” ಅಂದರು.